ಪಟ್ಟಿಯಲ್ಲಿ ಇಲ್ಲದ ಬೆಳ್ಳಿ

ಧಾರವಾಡದ ಕೋರ್ಟಿನ ಬಾಗಿಲಲ್ಲಿ ಬೇಲೀಫ ವಾರಂಟು ಹಿಡಿದು ನಿಂತಿದ್ದ. ಮಾವನವರ ದಿವಾಳಿ ಅರ್ಜಿ ಬಿದ್ದುಹೋದರೆ ಅವರನ್ನು ಅಲ್ಲಿಂದಲೇ ಜೇಲಿಗೆ ಒಯ್ಯುವವನಿದ್ದ.

ಹತ್ತಿಯ ಧಾರಣೆ ಕುಸಿದ ವರ್ಷ ಅದು. ಕಮರಿಪೇಟೆಯ ನಮ್ಮ ಅಂಗಡಿ ಹೋಯಿತು. ಆಮೇಲೆ ನನ್ನ ಗಂಡ ತೀರಿಹೋದರು. ಉಳಿದದ್ದು ಮಾವನವರ ಮೇಲೆ ರಾಮಪ್ಪ ಸಾಹುಕಾರರು ತಂದ ಸಾಲವಸೂಲಿಯ ಡಿಕ್ರಿ. ದಿವಾಳಿಯಾದೆನೆಂದು ಹೇಳಿಕೊಳ್ಳಲಿಕ್ಕೂ ಸ್ಟಾಂಪು, ನೋಟಿಸು, ವಕೀಲರು ಬೇಕು. ನಮ್ಮಲ್ಲಿ ರೈಲಿನ ಚಾರ್ಜು ಮಾತ್ರ ಇತ್ತು. ವಕೀಲ ಶಾಂತಯ್ಯನವರು ಫೀ ಬಿಟ್ಟರು. ಉಳಿದ ಖರ್ಚನ್ನು, ಬಡವರಿಗೆಂದು ವಕೀಲರು ಕೂಡಿಸಿಟ್ಟಿದ್ದ ನಿಧಿಯಿಂದ ಕೊಡಿಸಿದರು. ಒಂದೇ ಮಾತು ಹೇಳಿದರು:

“ಆಸ್ತಿ ಪಟ್ಟ್ಯಾಗ ಒಂದು ಚಮಚಾನೂ ಬಿಡಬ್ಯಾಡವಾ. ಸುಳ್ಳು ಪಟ್ಟಿ ಕೊಟ್ರ ಅರ್ಜೀನೂ ಹೋಗ್ತದ, ನಿಮ್ಮ ಮಾವನವರೂ ಹೋಗ್ತಾರ.”

ಬಿ.ಎ. ಓದಿದವಳೆಂದು ಪಟ್ಟಿಯನ್ನು ನಾನೇ ಬರೆದೆ. ತಕ್ಕಡಿ, ಎರಡು ಕೊಡ, ನನ್ನ ಕಾಲೇಜಿನ ಪುಸ್ತಕಗಳು. ಗಂಡನ ಕನ್ನಡಕವನ್ನೂ ಬರೆದೆ.

ಜಡ್ಜರು ಕೇಳಿದರು: “ಕುಬೇರಪ್ಪ, ಇಷ್ಟೇ ಏನು?”

“ಇಷ್ಟ ರೀ,” ಎಂದರು ಮಾವ, ಪ್ರಮಾಣ ಮಾಡಿ.

ರಾಮಪ್ಪ ಎದ್ದು ನಿಂತರು. “ಹೆಸರು ಕುಬೇರ, ಅರ್ಜಿ ದಿವಾಳೀದು. ಇರ್ಲಿ. ಕೊರಳಾಗಿನ ಬೆಳ್ಳಿ ಯಾಕ ಬರದಿಲ್ಲ ಕೇಳ್ರಿ ಸಾಹೇಬ್ರ. ಹತ್ತು ತೊಲಿಗೆ ಕಡಿಮಿ ಇಲ್ಲ.”

ಮಾವನವರ ಎದೆಯ ಮೇಲೆ ಲಿಂಗದ ಕರಡಿಗೆ ಇತ್ತು. ಬೆಳ್ಳಿಯದು. ಎಂಟು ದಿನ ಮನೆಯ ಮೂಲೆಮೂಲೆ ಹುಡುಕಿದ ನನಗೆ ಅದು ಕಂಡಿರಲಿಲ್ಲ. ಶಾಂತಯ್ಯನವರಿಗೂ ಕಂಡಿರಲಿಲ್ಲ, ಅವರ ಕೈ ತಮ್ಮ ಎದೆಯ ಕರಡಿಗೆಗೆ ಹೋಯಿತು. ಕೈಕಾಲಿನ ಹಾಗೆ ಮೈಮೇಲಿರುವುದನ್ನು ಆಸ್ತಿಯೆಂದು ಯಾರು ಬರೆಯುತ್ತಾರೆ?

ಬೇಲೀಫ ಒಂದು ಹೆಜ್ಜೆ ಒಳಗೆ ಬಂದ.

“ಪಟ್ಟಿ ಬರೆದವರು ಯಾರು?” ಎಂದರು ಜಡ್ಜರು.

“ನಾನ್ರಿ.” ಎದ್ದು ಮುಂದೆ ಬಂದೆ. ಮತ್ತೆ ಹೇಳಿದೆ. “ನಾನ ಬರದೇನ್ರಿ. ಅದು ಆಸ್ತಿ ಅಂತ ಹೊಳೀಲಿಲ್ರಿ. ತಪ್ಪು ನಂದು, ಅವರದಲ್ಲ.”

ಜಡ್ಜರು ಪಟ್ಟಿಯನ್ನು ನನ್ನ ಕಡೆ ಸರಿಸಿ ಮಾವನವರತ್ತ ತಿರುಗಿದರು. “ಲಿಂಗವನ್ನು ಯಾರೂ ಕೇಳುವುದಿಲ್ಲ. ಬೆಳ್ಳಿ ಕೊಡುತ್ತೀರಾ?”

ಮಾವನವರು ನೆಲದ ಮೇಲೆ ಕೂತರು. “ಶಿವಬಸವ್ವಾ, ಒಂದು ಅರಿವಿ ಕೊಡು.”

ಸೀರೆಯ ಅಂಚು ಹರಿದೆ. ಅವರು ಕರಡಿಗೆ ತೆಗೆದು ಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟುಕೊಂಡರು. ಅದು ನೆಲಕ್ಕೆ ಬಿದ್ದರೆ ಅವರು ಬದುಕುವುದಿಲ್ಲವೆಂದು ನನಗೆ ಗೊತ್ತಿತ್ತು. ಅವರ ಅಂಗೈ ಕೆಳಗೆ ನನ್ನ ಎರಡೂ ಕೈ ಒಡ್ಡಿದೆ. ಅರಿವೆಯಲ್ಲಿ ಸುತ್ತಿ ಕೊರಳಿಗೆ ಕಟ್ಟಿಕೊಳ್ಳುವವರೆಗೆ ಕೈ ತೆಗೆಯಲಿಲ್ಲ.

ಪಟ್ಟಿಯ ಕೊನೆಗೆ ಬರೆದೆ: ಬೆಳ್ಳಿಯ ಕರಡಿಗೆ, ಒಂದು.

ಮುಂದಿನ ತಾರೀಖಿನವರೆಗೆ ಮಾವನವರನ್ನು ಹಿಡಿಯಬಾರದೆಂದು ಹುಕುಂ ಆಯಿತು. ಬೇಲೀಫ ವಾರಂಟನ್ನು ಹರಿಯಲಿಲ್ಲ, ಮಡಚಿ ಕಿಸೆಯಲ್ಲಿಟ್ಟುಕೊಂಡ.

ಸ್ಟೇಶನ್ನಿನಲ್ಲಿ ಮಾವ ಕೇಳಿದರು: “ಪಟ್ಟ್ಯಾಗ ಮತ್ತೇನರ ಬಿಟ್ಟೀವೇನವಾ?”

ನಾನು ಅವರನ್ನು ತಲೆಯಿಂದ ಕಾಲಿನವರೆಗೆ ನೋಡಿದೆ. ಆಮೇಲೆ ನನ್ನನ್ನು ನೋಡಿಕೊಂಡೆ. ಗಾಡಿ ಬಂದರೂ ನೋಡುತ್ತಲೇ ಇದ್ದೆ.