ಗಡ್ಡೆಯ ನಡುಭಾಗ

"ಮೂರು ಗಂಟೆಗೆ ಇಲಿಗಳನ್ನೆಲ್ಲ ಮುಗಿಸಿಬಿಡಿ," ಎಂದು ನಿರ್ದೇಶಕರು ಕಡತ ಮುಚ್ಚಿದರು.

ಕಷಾಯದ ಮೇಡಂ ತನ್ನ ಅಂಕಿಗಳ ಹಾಳೆ ಎತ್ತಿಕೊಂಡು ಎದ್ದಳು. ಆ ಹೆಸರಿಟ್ಟವರು ಪಕ್ಕದ ಪ್ರಯೋಗಾಲಯದ ಪುಣ್ಯಾತ್ಮರು. ಎಲೆಯೊಂದರ ಸಾರಕ್ಕೆ ವಿಟಮಿನ್ ಡಿ ಬೆರೆಸಿ, ಮೈಯ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರಿನ ಮೇಲೆ ಎತ್ತಿಕಟ್ಟುತ್ತೇನೆಂದು ಹೊರಟವಳನ್ನು ಅವರು ಇನ್ನೇನೆಂದು ಕರೆದಾರು? ನಾಲ್ಕು ವರ್ಷದ ದುಡಿಮೆ. ಹತ್ತನೆಯ ದಿನ ಅಳೆದರೆ, ಸಾರ ಕುಡಿದ ಇಲಿಗಳ ಕ್ಯಾನ್ಸರ್ ಗಡ್ಡೆಯೇ ಬರೀ ನೀರು ಕುಡಿದವಕ್ಕಿಂತ ದಪ್ಪ! ಇದಕ್ಕಿಂತ ಮಾನಗೇಡು ಬೇಕೆ?

ಅವಳು ನೇರ ಕೆಳಮಹಡಿಯ ಕೊಯ್ಯುವ ಕೋಣೆಗೆ ಇಳಿದಳು. ಅಲ್ಲಿ ಮೂವತ್ತೊಂದು ವರ್ಷದಿಂದ ಗಡ್ಡೆಗಳನ್ನು ಮೇಣದಲ್ಲಿ ಹುದುಗಿಸಿ, ಕೂದಲಿಗಿಂತ ತೆಳ್ಳಗೆ ಕೊಯ್ದು ಗಾಜಿನ ಪಟ್ಟಿಗೆ ಏರಿಸುತ್ತಿದ್ದ ಹೆಂಗಸು ಅವಳ ತಾಯಿಯ ಅಕ್ಕ. ಮನೆಯಲ್ಲಿ ದೊಡ್ಡಮ್ಮ. ಕೆಲಸದ ಜಾಗದಲ್ಲಿ ನೆಂಟಸ್ತಿಕೆ ಬೇಡ, ಜನ ಆಡಿಕೊಳ್ಳುತ್ತಾರೆ ಎಂದು ಮೊದಲ ದಿನವೇ ಇಬ್ಬರೂ ಮಾತಾಡಿಕೊಂಡಿದ್ದರು. ಎತ್ತಿ ಆಡಿಸಿದವಳನ್ನು "ಮೇಡಂ" ಎಂದು ಕರೆಯುವುದರಲ್ಲಿ ದೊಡ್ಡಮ್ಮನಿಗೆ ಏನೋ ತುಂಟ ಖುಷಿ.

"ಯಾಕೆ ಮೇಡಂ, ಮುಖ ಹರಳೆಣ್ಣೆ ಕುಡಿದ ಹಾಗಿದೆ?"

"ಎಲ್ಲಾ ಮುಗೀತು. ಮೂರು ಗಂಟೆಗೆ ಇಲಿಗಳೂ ಮುಗಿಯುತ್ವೆ."

"ಅಯ್ಯೋ! ನಿನ್ನೆ ಪರೀಕ್ಷೆಗೆ ತೆಗೆದ್ರಲ್ಲ, ಆ ಎರಡು ಇಲಿಗಳ ಗಡ್ಡೆ ನೋಡಿದ್ರಾ?"

"ನೋಡ್ದೆ. ಎರಡೂ ಒಂದೇ ಥರ ಇದ್ವು."

"ನೀವು ಅಂಚು ಕೇಳಿದ್ರಿ, ಅಂಚು ಕಳಿಸ್ದೆ. ಆಮೇಲೆ ಮನಸ್ಸು ತಡೀಲಿಲ್ಲ, ನಡುಭಾಗಾನೂ ಕೊಯ್ದೆ. ಬ್ರೆಡ್ಡಿನ ತುದಿ ತಿಂದು ಇಡೀ ಬ್ರೆಡ್ಡಿನ ರುಚಿ ಹೇಳಕ್ಕಾಗತ್ತಾ? ಬಣ್ಣ ಈಗಷ್ಟೇ ಹಿಡಿದಿದೆ. ಬಗ್ಗಿ ನೋಡಿ."

ಅವಳು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟಳು. ನೀರು ಕುಡಿದ ಇಲಿಯ ಗಡ್ಡೆಯ ಒಳಗೆ ಒಂದೇ ಒಂದು ಕಂದು ಚುಕ್ಕೆಯಿಲ್ಲ. ಕಂದು ಬಣ್ಣ ಹಿಡಿಯುವುದು ಮೈಕಾಯುವ ಕೋಶಗಳು. ಅವು ಬಾಗಿಲು ತೆಗೆಯದ ಮನೆಯ ಮುಂದಿನ ನೆಂಟರಂತೆ ಅಂಚಿನಲ್ಲೇ ನಿಂತಿದ್ದವು. ಸಾರ ಕುಡಿದದ್ದರಲ್ಲಿ? ಒಳಗೆಲ್ಲ ಕಂದು, ಕಾಲಿಡಲು ಜಾಗವಿಲ್ಲ! ನಡುವೆ ಕ್ಯಾನ್ಸರ್ ಕೋಶಗಳು ಒಡೆದು ಚೂರಾಗಿದ್ದವು. ಗಡ್ಡೆ ಬೆಳೆದಿರಲಿಲ್ಲ, ಒಳಗೆ ನುಗ್ಗಿದ ಮೈಕಾಯುವ ಕೋಶಗಳಿಂದ ಊದಿತ್ತು. ಅವಳು ತಲೆಯೆತ್ತಿದಳು. ಗೋಡೆಯ ಗಡಿಯಾರ ಎರಡೂಮುಕ್ಕಾಲು ತೋರಿಸುತ್ತಿತ್ತು.

ಗಾಜಿನ ಪಟ್ಟಿಗಳನ್ನು ಹಿಡಿದು ಮೆಟ್ಟಿಲು ಹತ್ತಿದ್ದು ದೊಡ್ಡಮ್ಮ. ಏದುಸಿರು ಬಿಟ್ಟಿದ್ದು ಹಿಂದಿನಿಂದ ಬಂದ ಮೇಡಂ. "ಸಾರ್, ಗಡ್ಡೆ ಬೆಳೆದಿಲ್ಲ, ಊದಿದೆ ಅಷ್ಟೆ," ಎಂದಳು ದೊಡ್ಡಮ್ಮ.

"ನಿಮ್ಮ ಕೆಲಸ ಕೊಯ್ಯೋದಮ್ಮ, ನೋಡೋದಲ್ಲ," ಎಂದರು ನಿರ್ದೇಶಕರು.

ದೊಡ್ಡಮ್ಮ ಎರಡೂ ಅಂಗೈ ಬಿಚ್ಚಿ ಮೇಜಿನ ಮೇಲಿಟ್ಟಳು. "ಕಣ್ಣು ಮುಚ್ಕೊಂಡು ಕೊಯ್ದಿದ್ರೆ ಈ ಹತ್ತು ಬೆರಳು ಉಳೀತಿತ್ತಾ ಸಾರ್? ಒಂದೇ ಒಂದು ಸಲ ನೋಡಿ. ನಾನು ಹೇಳಿದ್ದು ತಪ್ಪಾಗಿದ್ರೆ ನಾಳೆಯಿಂದ ಈ ಕಡೆ ತಲೆ ಹಾಕಲ್ಲ."

ಅವರು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಮತ್ತೆ ಮತ್ತೆ ಪಟ್ಟಿ ಬದಲಿಸಿ ನೋಡಿದರು. ಮೂರಕ್ಕೆ ನಾಲ್ಕು ನಿಮಿಷವಿರುವಾಗ ಫೋನೆತ್ತಿ, "ಇಲಿಗಳನ್ನ ಮುಟ್ಟಬೇಡಿ, ಇನ್ನೂ ಹತ್ತು ದಿನ ಇರ್ಲಿ," ಎಂದರು. ಫೋನಿಟ್ಟು ಕೇಳಿದರು: "ನಡುಭಾಗ ಕೊಯ್ಯಿ ಅಂತ ಯಾರು ಹೇಳಿದ್ದು?"

"ಯಾರೂ ಹೇಳ್ಲಿಲ್ಲ. ಬೇಡ ಅಂತಲೂ ಯಾರೂ ಹೇಳ್ಲಿಲ್ಲ."

ಹತ್ತು ದಿನ ಮೇಡಂಗೆ ಊಟ ಸೇರಲಿಲ್ಲ. ಹನ್ನೊಂದನೆಯ ಬೆಳಿಗ್ಗೆ ಇಲಿಮನೆಯಲ್ಲಿ ಅವಳು ದಪ್ಪ ಅಳೆಯುವ ಇಕ್ಕಳದಂಥ ಕ್ಯಾಲಿಪರ್ ಹಿಡಿದು ಗಡ್ಡೆಗಳನ್ನು ಅಳೆದಳು, ನಿರ್ದೇಶಕರೇ ನಿಂತು ಬರೆದುಕೊಂಡರು. ನೀರಿನ ಗುಂಪಿನದು ಬೆಳೆದಿತ್ತು. ಸಾರದ ಗುಂಪಿನದು ಇಳಿದಿತ್ತು, ಇನ್ನೂ ಇಳಿದಿತ್ತು. ಕೊನೆಯ ಇಲಿಯ ಪಕ್ಕೆಯನ್ನು ಎಷ್ಟು ತಡವಿದರೂ ಗಡ್ಡೆ ಕೈಗೆ ಹತ್ತಲಿಲ್ಲ.

"ಸರಿಯಾಗಿ ಹುಡುಕಿ," ಎಂದರು ನಿರ್ದೇಶಕರು.

"ಇದ್ರೆ ತಾನೇ ಸಾರ್ ಸಿಗೋದು!" ಎಂದವಳೇ ಬಾಗಿಲಿಗೆ ಓಡಿ, ಮೆಟ್ಟಿಲ ಕಡೆಗೆ ತಿರುಗಿ ಕೂಗಿದಳು: "ದೊಡ್ಡಮ್ಮಾ!"

ಮೂರು ಮಹಡಿಗೂ ಕೇಳಿಸಿತು. ಪಕ್ಕದ ಪ್ರಯೋಗಾಲಯದವರು ಬಾಗಿಲಲ್ಲಿ ಗುಂಪು ಕಟ್ಟಿದರು. "ಕಷಾಯ ಗೆದ್ದೇಬಿಡ್ತಲ್ಲ ಮೇಡಂ!"

"ಸದ್ಯಕ್ಕೆ ಇಲಿಗಳಲ್ಲಿ ಮಾತ್ರ ಕಣ್ರೀ," ಎಂದಳು ಅವಳು. ನಗುತ್ತಿದ್ದಳು, ಕಣ್ಣೀರೂ ಸುರಿಯುತ್ತಿತ್ತು.

ದೊಡ್ಡಮ್ಮ ಮೇಣ ಮೆತ್ತಿದ ಕೈಯಲ್ಲೇ ಬಂದಳು. ನಿರ್ದೇಶಕರು ಕ್ಯಾಲಿಪರನ್ನು ಅವಳಿಗೆ ಕೊಟ್ಟರು. ಅವಳು ಇಲಿಯನ್ನು ಅಂಗೈಮೇಲೆ ಕೂರಿಸಿಕೊಂಡು, ಗಡ್ಡೆಯಿದ್ದ ಜಾಗದಲ್ಲಿ ಕ್ಯಾಲಿಪರನ್ನು ಮೆಲ್ಲಗೆ ಮುಚ್ಚಿದಳು. ನಡುವೆ ಏನೂ ಸಿಗದೆ ಅದರ ಎರಡು ತುದಿಗಳು ಒಂದಕ್ಕೊಂದು ತಾಗಿದವು. ಇಲಿ ಅವಳ ಹೆಬ್ಬೆರಳಿನ ಮೇಣವನ್ನು ಮೂಸಿ, ನೆಕ್ಕತೊಡಗಿತು.