ಸೀಸದ ಅಕ್ಷರ

"ಆ ಹಾಳೆ ಇಲ್ ಕೊಡಪ್ಪ," ಎಂದು ದ್ರಾಕ್ಷಾಯಣಮ್ಮ ಕೈ ಚಾಚಿದಾಗ ಮಹಾಂತೇಶ ಎರಡನೆಯ ಪುಟದಲ್ಲಿದ್ದ. ಓದಿ ಅಭ್ಯಾಸ ಮಾಡಿಕೊಳ್ಳುತ್ತಿದ್ದ ಅವನ ತುಟಿಗಳು ನಿಂತವು.

ಪಡಸಾಲೆಯ ಗೋಡೆಗೆ ಒರಗಿಸಿ ಆಕೆಯ ಗಂಡ ತೋಂಟದಾರ್ಯರ ಶವವನ್ನು ಕೂರಿಸಿದ್ದರು. ಹಣೆಯ ತುಂಬ ವಿಭೂತಿ, ಹಾರದ ಕೆಳಗೆ ಸಂಘದ ಶಾಲು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ, ಈ ಮೂರು ತಾಲ್ಲೂಕಿನ ಎಕ್ಸ್‌ರೇ ತಂತ್ರಜ್ಞರ ಸಂಘ ಕಟ್ಟಿದವರು ಅವರು. ಮಹಾಂತೇಶ ಈಗಿನ ಕಾರ್ಯದರ್ಶಿ. ಮಣ್ಣು ಮಾಡುವ ಮೊದಲು ಸಂಘದ ಇತಿಹಾಸ ಓದಬೇಕೆಂದು ಬೆಳಿಗ್ಗೆಯೇ ಟೈಪು ಮಾಡಿಸಿ ಕಂದಿಕೆರೆಗೆ ತಂದಿದ್ದ.

"ಹೊಸದೇನಿಲ್ಲ ಕಣಮ್ಮ. ವಾರ್ಷಿಕ ಸಭೇಲಿ ಸರ್ ಹೇಳ್ತಿದ್ದದ್ದೇ ಬರ್ದಿದೀನಿ."

ದ್ರಾಕ್ಷಾಯಣಮ್ಮನ ಬೆರಳು ಒಂದು ಸಾಲಿನ ಮೇಲೆ ನಿಂತಿತು. 'ಸಹಾಯಕನೊಬ್ಬನ ಅಜಾಗರೂಕತೆಯಿಂದ ಬಡ ರೋಗಿಯೊಬ್ಬನಿಗೆ ತಪ್ಪು ಮಗ್ಗುಲಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಆ ನೋವಿನಲ್ಲೇ ನಮ್ಮ ಸಂಘ ಹುಟ್ಟಿತು.'

"ಇದೊಂದ್ ಬುಟ್ಬುಡು."

"ಅದ್ನೇ ಬುಟ್ರೆ ಸಂಘ ಯಾಕ್ ಹುಟ್ತು ಅಂತ ಹೆಂಗಮ್ಮ ಹೇಳೋದು? ಹೆಸರೇನೂ ಹಾಕಿಲ್ವಲ್ಲ."

ಮೈದುನ ಮರುಳಸಿದ್ದಯ್ಯ ಹಾಳೆಯನ್ನು ಅತ್ತಿಗೆಯ ಕೈಯಿಂದ ತೆಗೆದು ಮಹಾಂತೇಶನ ಜೇಬಿಗೆ ಇಟ್ಟ. "ನೀವು ಒಳಗ್ ನಡೀರಿ ಅತ್ತಿಗೆ. ಅಣ್ಣನ ದೊಡ್ಡತನ ನಾಕ್ ಜನ ಕೇಳ್ಲಿ."

ಗೇಟಿನ ಬಳಿ ಬೈಕು ನಿಂತಿತು. ದಂಡಿನಶಿವರದ ಬೆಟ್ಟಸ್ವಾಮಿ ಮಗಳ ಹಿಂದಿನಿಂದ ಇಳಿದು ಒಳಗೆ ಬಂದ; ಅವಳು ಬೈಕು ನಿಲ್ಲಿಸಲು ಆಚೆ ಹೋದಳು.

"ಬಂದ ನೋಡು ಪುಣ್ಯಾತ್ಮ," ಎಂದಳು ಪಕ್ಕದ ಮನೆಯ ಸಿದ್ದಕ್ಕ, ಕೇಳಿಸಲೆಂದೇ. "ಮಾಡಿದ್ ಘನಂದಾರಿ ಕೆಲ್ಸಕ್ಕೆ ಬೇರೆಯೋರಾಗಿದ್ರೆ ಮೆಟ್ಲೂ ಹತ್ತಿಸ್ತಿರ್ಲಿಲ್ಲ. ಅಣ್ಣಯ್ಯ ದೇವ್ರಂಥೋರು, ಕರ್ದು ಕೆಲ್ಸ ಕೊಡಿಸಿದ್ರು."

ಬೆಟ್ಟಸ್ವಾಮಿ ಶವದ ಪಾದ ಮುಟ್ಟಿ ಎದ್ದು, ಅಷ್ಟರಲ್ಲಿ ಒಳಗೆ ಬಂದ ಮಗಳನ್ನು ದ್ರಾಕ್ಷಾಯಣಮ್ಮನಿಗೆ ತೋರಿಸಿದ. "ಅಕ್ಕ, ನನ್ ಮಗಳು ಇಂಪನಾ. ನಮ್ ಕೆಲ್ಸಾನೇ ಕಲ್ತವ್ಳೆ. ಈ ವರ್ಷ ಸಂಘಕ್ ಸೇರವ್ಳೆ."

"ಸರ್ ಭಾಷಣ ಒಂದ್ಸಲನೂ ಕೇಳಿಲ್ಲಮ್ಮ ನಾನು," ಎಂದಳು ಇಂಪನಾ. "ಇವತ್ತು ಇತಿಹಾಸ ಓದ್ತಾರಂತಲ್ಲ, ಮುಂದೇನೇ ನಿಂತ್ಕೋತೀನಿ."

ಅವಳು ಹೂ ಇಡಲು ಬಗ್ಗಿದಾಗ ಬೆಟ್ಟಸ್ವಾಮಿ ದನಿ ತಗ್ಗಿಸಿದ. "ಓದ್ತಾರಾ ಅಕ್ಕ?"

"ಓದ್ತಾರೆ."

"ಇವಳನ್ನ ಕರ್ಕೊಂಡ್ ಬರಬಾರ್ದಿತ್ತು. ಸಹಾಯಕ ಅಂದ್ರೆ ಯಾರು ಅಂತ ಕೇಳ್ದೆ ಬುಡಾಕಿಲ್ಲ ಇವಳು."

*

ಮೂವತ್ತೈದು ವರ್ಷಗಳ ಹಿಂದೆ ತೋಂಟದಾರ್ಯರು ತಿಪಟೂರಿನ ಒಂದು ನರ್ಸಿಂಗ್ ಹೋಮಿನಲ್ಲಿದ್ದರು. ತೆಂಗಿನಕಾಯಿ ಕೀಳುವ ಬೋರಯ್ಯನಿಗೆ ಮೂತ್ರಪಿಂಡದಲ್ಲಿ ಕಲ್ಲು. ಅಂಗಾತ ಮಲಗಿದರೆ ನೋವೆಂದು ಅವನು ಕೂಗಿಕೊಂಡ. ತೋಂಟದಾರ್ಯರು ಅವನನ್ನು ಹೊಟ್ಟೆಯ ಮೇಲೆ ಮಲಗಿಸಿದರು. ಫಿಲ್ಮಿನಲ್ಲಿ ಬೆಳ್ಳಗೆ ಮೂಡಿ ಇದು ಬಲಭಾಗ ಎಂದು ತೋರಿಸುವ ಸೀಸದ ಅಕ್ಷರವನ್ನು, ಕೈಗೆ ರೂಢಿಯಾದಂತೆ, ಮೇಜಿನ ಅದೇ ಅಂಚಿನಲ್ಲಿಟ್ಟರು. ಮನುಷ್ಯ ಮಗುಚಿದ್ದ, ಅಕ್ಷರ ಮಗುಚಲಿಲ್ಲ.

ಆ ಫಿಲ್ಮನ್ನು ನಂಬಿ ಡಾಕ್ಟರು ಚೆನ್ನಾಗಿದ್ದ ಮಗ್ಗುಲನ್ನು ಕೊಯ್ದರು. ಕಲ್ಲು ಅಲ್ಲಿರಲಿಲ್ಲ. ವಾರ ಬಿಟ್ಟು ಇನ್ನೊಂದು ಮಗ್ಗುಲು ಕೊಯ್ದರು. ಬೋರಯ್ಯ ಬದುಕಿದ, ಆದರೆ ಮತ್ತೆ ಮರ ಹತ್ತಲಿಲ್ಲ.

"ನಾಳೆ ವಿಚಾರಣೆ ಐತೆ. ಅಕ್ಷರ ಇಟ್ಟೋನು ನಾನೇ ಅಂತ ಹೇಳ್ಬುಡ್ತೀನಿ," ಎಂದು ತೋಂಟದಾರ್ಯರು ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಹೇಳಿದರು.

ದ್ರಾಕ್ಷಾಯಣಮ್ಮ ರೊಟ್ಟಿ ತಟ್ಟುತ್ತಿದ್ದಳು. ಎರಡು ವರ್ಷದ ಮಗಳು ಗಿರಿಜಾಂಬಿಕಾ ಅವಳ ಸೆರಗು ಹಿಡಿದು ನಿಂತಿದ್ದಳು. "ಹೇಳಿದ್ರೆ ಅವನ ಹೊಟ್ಟೆ ಮೊದಲಿನಂಗ್ ಆಗುತ್ತಾ? ಸುಮ್ನಿರಿ. ನಿಮ್ ಕೈಕೆಳ್ಗಿರೋ ಹುಡುಗ ಒಂಟಿ ಜೀವ. ಎಲ್ಲೋದ್ರೂ ಬದುಕ್ಕೋತಾನೆ."

ಮರುದಿನ ಅಕ್ಷರ ಇಟ್ಟವರು ಯಾರು ಎಂದು ಕೇಳಿದಾಗ ತೋಂಟದಾರ್ಯರು ಬಾಯಿ ತೆರೆಯಲಿಲ್ಲ. ಸಹಾಯಕ ಬೆಟ್ಟಸ್ವಾಮಿಯ ಕಡೆ ಒಮ್ಮೆ ನೋಡಿದರು. ಅಷ್ಟು ಸಾಕಾಯಿತು; ಅವನ ಕೆಲಸ ಹೋಯಿತು.

ಮುಂದಿನ ವರ್ಷ ಸಂಘ ಹುಟ್ಟಿತು. ಸೀಸದ ಅಕ್ಷರದ ಪಕ್ಕದಲ್ಲಿ ಅದನ್ನಿಟ್ಟವನ ಗುರುತೂ ಇರಬೇಕು ಎಂಬುದು ಮೊದಲ ನಿಯಮ. ಬೆಟ್ಟಸ್ವಾಮಿಗೆ ತುರುವೇಕೆರೆಯಲ್ಲಿ ಕೆಲಸ ಕೊಡಿಸಿ, ಸದಸ್ಯತ್ವದ ಅರ್ಜಿಯನ್ನು ತೋಂಟದಾರ್ಯರೇ ತುಂಬಿದರು. ಪ್ರತಿ ವಾರ್ಷಿಕ ಸಭೆಯಲ್ಲೂ ಅವರು ಆ ಕತೆ ಹೇಳುವಾಗ ಬೆಟ್ಟಸ್ವಾಮಿ ಹಿಂದಿನ ಸಾಲಿನಲ್ಲಿ ಕೂತಿರುತ್ತಿದ್ದ. ಎಲ್ಲರೂ ಚಪ್ಪಾಳೆ ತಟ್ಟಿದಾಗ ತಾನೂ ತಟ್ಟುತ್ತಿದ್ದ.

*

ತೋಟದ ಮೂಡಣ ಬದುವಿನಲ್ಲಿ ಗುಂಡಿ ತೆಗೆದಿದ್ದರು. ಅಗೆದಾಗ ತುಂಡಾದ ತೆಂಗಿನ ಬೇರುಗಳು ಅದರ ಗೋಡೆಗಳಲ್ಲಿ ಕೆಂಪಗೆ ಕಾಣುತ್ತಿದ್ದವು. ಶವವನ್ನು ಗುಂಡಿಯ ಅಂಚಿನಲ್ಲಿ ಇಳಿಸಿದರು. ಅಯ್ಯನವರು ಬಿಲ್ವಪತ್ರೆಯ ತಟ್ಟೆ ಹಿಡಿದು ನಿಂತರು. ಸಂಘದವರು ನಲವತ್ತು ಜನ ಒಂದು ಕಡೆ, ನೆಂಟರು ಇನ್ನೊಂದು ಕಡೆ. ಇಂಪನಾ ಹೇಳಿದಂತೆಯೇ ಎಲ್ಲರಿಗಿಂತ ಮುಂದೆ ಇದ್ದಳು.

ಮಹಾಂತೇಶ ಓದತೊಡಗಿದ. ಮೊದಲ ಪುಟ ಮುಗಿಯಿತು. ದ್ರಾಕ್ಷಾಯಣಮ್ಮ ಅವನ ಹೆಬ್ಬೆರಳನ್ನೇ ನೋಡುತ್ತಿದ್ದಳು. ಪುಟ ತಿರುಗಿತು.

"'ಸಹಾಯಕನೊಬ್ಬನ ಅಜಾಗರೂಕತೆಯಿಂದ...'"

"ನಿಲ್ಸಪ್ಪ," ಎಂದಳು ದ್ರಾಕ್ಷಾಯಣಮ್ಮ.

"ಅಕ್ಕ, ಬ್ಯಾಡ," ಎಂದ ಬೆಟ್ಟಸ್ವಾಮಿ ಹಿಂದಿನಿಂದ. "ಇವತ್ ಬ್ಯಾಡ."

"ಇವತ್ ಬುಟ್ರೆ ಇನ್ನ್ಯಾವತ್ತು?" ಅವಳು ನೆರೆದವರ ಕಡೆ ತಿರುಗಿದಳು. "ಆ ಅಕ್ಷರ ಇಟ್ಟೋರು ನಮ್ ಯಜಮಾನ್ರು. ಬೆಟ್ಟಸ್ವಾಮಿ ಅಲ್ಲ. ಅವ್ರು ಹೇಳ್ಬುಡ್ತೀನಿ ಅಂದ್ರು. ಸುಮ್ನಿರಿ ಅಂದೋಳು ನಾನು."

ತಾಯಿಯ ಹೆಗಲ ಮೇಲಿದ್ದ ಗಿರಿಜಾಂಬಿಕಾಳ ಕೈ ಜಾರಿತು. "ಅಮ್ಮ, ಏನ್ ಹೇಳ್ತಿದೀಯ ನೀನು? ಅಪ್ಪ ಇನ್ನೂ ಇಲ್ಲೇ ಅವ್ರೆ."

"ಅದಕ್ಕೇ ಹೇಳಿದ್ದು ಕಣೇ. ಅವ್ರ ಮುಂದೇನೇ ಹೇಳ್ದೆ."

ಇಂಪನಾ ತಿರುಗಿ ಅಪ್ಪನನ್ನು ನೋಡಿದಳು. "ಸಹಾಯಕ ಅಂದ್ರೆ ನೀನಾ?"

"ಹ್ಞೂಂ."

"ಮೂವತ್ತೈದ್ ವರ್ಷ ಸುಮ್ನಿದ್ಯಾ?"

"ಅವ್ರೇ ಹೇಳ್ಲಿ ಅಂತ ಕಾದೆ ಕಣವ್ವ. ಪ್ರತಿ ವರ್ಷ ಮೈಕ್ ಮುಂದೆ ನಿಂತಾಗ್ಲೂ ಈ ಸಲ ಹೇಳ್ತಾರೆ ಅಂದ್ಕೋತಿದ್ದೆ."

ಮಹಾಂತೇಶ ಹಾಳೆಯನ್ನು ನಾಲ್ಕಾಗಿ ಮಡಿಸಿದ. ಮುಂದೆ ಏನು ಮಾಡಬೇಕೆಂದು ತೋಚದೆ ಮತ್ತೆ ಬಿಡಿಸಿದ.

ಶವವನ್ನು ಗುಂಡಿಯೊಳಗೆ ಕೂರಿಸಲು ಇಳಿಯಬೇಕಾಗಿದ್ದವನು ಮರುಳಸಿದ್ದಯ್ಯ. ಪಂಚೆ ಎತ್ತಿ ಕಟ್ಟಿದ್ದವನು ಈಗ ಅದನ್ನು ಕೆಳಗೆ ಬಿಟ್ಟ. "ಸತ್ತೋನ ಮುಖಕ್ ಮಸಿ ಬಳ್ದಾಯ್ತಲ್ಲ, ನೀವೇ ಮಣ್ಣೂ ಮಾಡ್ಕೊಳಿ," ಎಂದು ಬದು ದಾಟಿ ನಡೆದ. ಅವನ ಹಿಂದೆ ಇನ್ನಿಬ್ಬರು ಹೋದರು.

"ಇಳಿಯೋರ್ ಯಾರಪ್ಪ?" ಎಂದರು ಅಯ್ಯನವರು. ಯಾರೂ ಕದಲಲಿಲ್ಲ. "ಹೊತ್ತು ಮೀರ್ತಾ ಐತೆ."

ಬೆಟ್ಟಸ್ವಾಮಿ ಚಪ್ಪಲಿ ಬಿಟ್ಟು ಮುಂದೆ ಬಂದ. ದ್ರಾಕ್ಷಾಯಣಮ್ಮನ ಕಡೆ ನೋಡಲಿಲ್ಲ. ಅಂಚಿನಲ್ಲಿ ಕೂತು, ಕೈಯೂರಿ, ಗುಂಡಿಗೆ ಇಳಿದ. ಮೇಲಿನಿಂದ ಮಹಾಂತೇಶ ಮತ್ತು ಸಂಘದ ಮೂವರು ಇಳಿಬಿಟ್ಟ ದೇಹವನ್ನು ಎದೆಗೊತ್ತಿ ಹಿಡಿದು ಕೂರಿಸಿದ.

ದೇಹ ಒಂದು ಕಡೆಗೆ ವಾಲಿತು. ಬೆಟ್ಟಸ್ವಾಮಿ ಮಂಡಿಯೂರಿ ಅದನ್ನು ನೇರ ಮಾಡಿದ. ಅಂಗೈಗಳಿಂದ ಎರಡೂ ಭುಜಗಳನ್ನು ಸಮಕ್ಕೆ ತಂದ. ಎರಡು ಬೆರಳಿನಿಂದ ಗಲ್ಲವನ್ನು ತುಸು ಮೇಲೆತ್ತಿದ. ಆಮೇಲೆ, ಯಂತ್ರದ ಮುಂದೆ ರೋಗಿಯನ್ನು ನಿಲ್ಲಿಸಿ 'ಉಸಿರು ಹಿಡ್ಕೊಳಿ' ಎನ್ನುವವನಂತೆ, ನಿಧಾನವಾಗಿ ಕೈ ತೆಗೆದು ಹಿಂದೆ ಸರಿದ.

ಮೇಲೆ ನಿಂತಿದ್ದ ಸಂಘದವರೆಲ್ಲ, ಯಾರೂ ಹೇಳದೆಯೇ, ಉಸಿರು ಬಿಗಿಹಿಡಿದರು.