ಎಡಗೆನ್ನೆಯ ಗಂಟು

ಇವತ್ತು ಯಾರೂ ತನ್ನ ಎಡಗೆನ್ನೆ ಮುಟ್ಟದಿದ್ದರೆ ಸಾಕು ಎಂದು ಮಾರಿಟ್ ಬೆಳಿಗ್ಗೆಯೇ ಡೈರಿಯಲ್ಲಿ ಬರೆದುಕೊಂಡಿದ್ದಳು. ಅಮ್ಮನ ಹುಟ್ಟುಹಬ್ಬ. ಅವರಲ್ಲಿನ ವಾಡಿಕೆಯಂತೆ ಬಂದವರು ಮನೆಯವರಿಗೆಲ್ಲ ಶುಭಾಶಯ ಹೇಳಿ, ಕೆನ್ನೆಗೆ ಮೂರು ಮೂರು ಮುತ್ತು ಕೊಟ್ಟ ಮೇಲೆಯೇ ಕುರ್ಚಿ ಹಿಡಿಯುವುದು. ತಪ್ಪಿಸಿಕೊಳ್ಳುವುದು ಹೇಗೆ?

ಎಂಟು ತಿಂಗಳ ಹಿಂದೆ ಅವಳು ಯಾರಿಗೂ ಹೇಳದೆ ರಾಟರ್‌ಡ್ಯಾಮಿನ ಒಂದು ಕ್ಲಿನಿಕ್ಕಿನಲ್ಲಿ ತೊಡೆಯ ಕೊಬ್ಬು ತೆಗೆಸಿ, ಬತ್ತಿದ ಕೆನ್ನೆಗಳಿಗೆ ತುಂಬಿಸಿಕೊಂಡಿದ್ದಳು. ಬಲಗಡೆಯದು ಕರಗಿಯೇ ಹೋಯಿತು. ಎಡಗಡೆಯದು ಒಳಗೇ ಸತ್ತು ಬಟಾಣಿಯಷ್ಟು ಗಂಟು ಕಟ್ಟಿತು. ಫೋನ್ ಮಾಡಿದಾಗಲೆಲ್ಲ ಕ್ಲಿನಿಕ್ಕಿನವರದು ಒಂದೇ ರಾಗ: "ಕಾಯಿರಿ, ಸರಿಹೋಗುತ್ತೆ." ಮೊದಲು ಮೂರು ತಿಂಗಳು ಅಂದರು, ಆಮೇಲೆ ಆರು, ಈಗ ಒಂದು ವರ್ಷ. ಹೀಗೂ ಆಗಬಹುದೆಂದು ಅವಳು ಸಹಿ ಹಾಕಿದ ಕಾಗದದಲ್ಲೇ ಇತ್ತಂತೆ. ಬೇರೆ ಡಾಕ್ಟರ ಬಳಿ ಒಬ್ಬಳೇ ಹೋಗುವ ಧೈರ್ಯವಿಲ್ಲ, ಅಮ್ಮನನ್ನು ಕರೆಯಬೇಕೆಂದರೆ ಎಲ್ಲ ಹೇಳಬೇಕು.

ರಿಯಾ ಚಿಕ್ಕಮ್ಮ ದಡದಡ ಒಳಬಂದಳು. "ಏನೇ, ಮೂಲೇಲಿ ಅವಿತ್ಕೊಂಡಿದ್ದೀಯಾ? ಬಾ ಇಲ್ಲಿ."

ಮೊದಲ ಮುತ್ತು ಬಲಕ್ಕೆ. ಎರಡನೆಯದು ಗಂಟಿನ ಮೇಲೇ ಬಿತ್ತು. ಮಾರಿಟ್ ಮುಖ ಕಿವುಚಿ ಹಿಂದೆ ಸರಿದಳು.

"ನೋಡಕ್ಕ, ಮಹಾರಾಣಿಗೆ ನಮ್ ಮುತ್ತೂ ಬೇಡ್ವಂತೆ."

ಕೇಕ್ ಕತ್ತರಿಸುತ್ತಿದ್ದ ಅಮ್ಮ ತಿರುಗಿದಳು. "ಮತ್ತೆ ಹಲ್ಲುನೋವಾ?"

ಹೂಂ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಆ ಸುಳ್ಳನ್ನು ಹೇಳಿ ಹೇಳಿ ಅವಳಿಗೇ ಸಾಕಾಗಿತ್ತು.

"ಹಲ್ಲಲ್ಲಮ್ಮ. ಕೆನ್ನೆಗೆ ಕೊಬ್ಬು ತುಂಬಿಸ್ಕೊಂಡೆ, ಅದು ಕೆಟ್ಟು ಗಂಟಾಗಿದೆ. ತುಂಬಾ ನೋಯುತ್ತೆ. ನನ್ ಜೊತೆ ಡಾಕ್ಟ್ರ ಹತ್ರ ಬಾ."